ಚಪ್ಪಲಿ ಜಾರಿದ್ದು ಗೊತ್ತಾಗದಾಗ

ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವವರು ಗುಂಡಿ ಮಗ್ಗದೊಳಗೆ ಕಾಲು ಇಳಿಬಿಟ್ಟು ದಿನವಿಡೀ ಬಾಗಿ ಕೂರುತ್ತಾರೆ. ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಕೀಳುವವರು ಸೊಂಟ ನೆಟ್ಟಗೆ ಮಾಡುವುದು ಸಾಲು ಮುಗಿದ ಮೇಲೆ. ಅದು ಸಾಲದೆಂಬಂತೆ ಕೊಳವೆಬಾವಿ ನೀರಲ್ಲಿ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಮಕ್ಕಳ ಹಲ್ಲಿಗೆ ಕಲೆ ಬೀಳುತ್ತದೆ. ಇನ್ನೂ ಹೆಚ್ಚಿನ ಪ್ರಮಾಣ ವರ್ಷಗಟ್ಟಲೆ ಒಳಗೆ ಹೋದರೆ ಬೆನ್ನುಮೂಳೆಯೇ ಬಿಗಿಯುತ್ತದೆ. ಇಲ್ಲಿ ಬೆನ್ನುನೋವು ಎಂದರೆ ಯಾರೂ ಗಾಬರಿಯಾಗುವುದಿಲ್ಲ. ಎಣ್ಣೆ ತಿಕ್ಕುತ್ತಾರೆ, ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಒದೆಸಿಕೊಳ್ಳುತ್ತಾರೆ, ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತಾರೆ.

ಬಹುಪಾಲು ಜನರಿಗೆ ಅಷ್ಟೇ ಸಾಕು. ಬೆನ್ನುಹುರಿಯ ಗಡ್ಡೆ ಅಪರೂಪ. ಮಿದುಳು ಮತ್ತು ನರಮಂಡಲದಲ್ಲೇ ಹುಟ್ಟುವ ಗಡ್ಡೆಗಳ ಪೈಕಿ ನೂರಕ್ಕೆ ಕೆಲವು ಮಾತ್ರ. ಆದರೆ ಎಲ್ಲರ ಬೆನ್ನೂ ನೋಯುವ ಊರಲ್ಲಿ ಅದನ್ನು ಗುರುತಿಸುವುದು ಇನ್ನೂ ಕಷ್ಟ. ದುಡಿಮೆಯ ನೋವು ಸಾಮಾನ್ಯವಾಗಿ ಮಲಗಿದರೆ ಇಳಿಯುತ್ತದೆ. ಗಡ್ಡೆಯದು ಹಲವರಲ್ಲಿ ಮಲಗಿದಾಗಲೇ ಜೋರಾಗಿ ನಿದ್ದೆ ಕೆಡಿಸುತ್ತದೆ. ಆಮೇಲೆ ಗಮನಿಸಬೇಕಾದ್ದು ಬೆನ್ನನ್ನಲ್ಲ, ಕಾಲನ್ನು. ಜೋಮು ಬಿಡುವುದಿಲ್ಲ, ಚಪ್ಪಲಿ ಜಾರಿ ಬಿದ್ದದ್ದು ಗೊತ್ತಾಗುವುದಿಲ್ಲ, ಕತ್ತಲಲ್ಲಿ ನಡೆದರೆ ತೂರಾಡುತ್ತಾರೆ. ಮೂತ್ರ ಕಟ್ಟುವುದು ಬಹಳ ತಡವಾದ ಲಕ್ಷಣ.

ಇಲ್ಲೊಂದು ಎಡವಟ್ಟು ಪದೇ ಪದೇ ನಡೆಯುತ್ತದೆ. ಕಾಲು ಸೋತಿದೆ ಎಂದ ಕೂಡಲೇ ಸೊಂಟದ ಎಂಆರ್‌ಐ ಒಂದನ್ನೇ ಮಾಡಿಸುತ್ತಾರೆ. ಆದರೆ ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲೆರಡು ಮೂಳೆಗಳ ಹತ್ತಿರವೇ ಮುಗಿಯುತ್ತದೆ. ಗಡ್ಡೆ ಎದೆಯ ಮಟ್ಟದಲ್ಲಿದ್ದರೆ ಆ ಚಿತ್ರದಲ್ಲಿ ಸಿಗುವುದಿಲ್ಲ. ಎಕ್ಸ್‌ರೇಯಲ್ಲಂತೂ ಮೂಳೆ ಕಾಣುತ್ತದೆಯೇ ಹೊರತು ಹುರಿ ಕಾಣದು. ಎಲ್ಲಿ ನೋಡಬೇಕೆಂದು ಹೇಳುವುದು ಒಂದು ಗುಂಡುಸೂಜಿ, ಒಂದು ಸಣ್ಣ ಸುತ್ತಿಗೆ. ಹೊಕ್ಕುಳ ಮಟ್ಟದಿಂದ ಕೆಳಗೆ ಚುಚ್ಚಿದ್ದು ತಿಳಿಯದಿದ್ದರೆ, ಮಂಡಿಗೆ ತಟ್ಟಿದಾಗ ಕಾಲು ಅತಿಯಾಗಿ ಚಿಮ್ಮಿದರೆ, ತೊಂದರೆ ಇರುವುದು ಮೇಲೆ. ಈ ಪರೀಕ್ಷೆಗೆ ಐದು ನಿಮಿಷ ಸಾಕು, ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ.

ಚಿತ್ರವೇ ಇಲ್ಲದ ಕಾಲದಲ್ಲಿ ಇದೇ ವಿದ್ಯೆ ಗೆದ್ದಿತ್ತು. 1887ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಗೋವರ್ಸ್ ಸೇನೆಯ ಕ್ಯಾಪ್ಟನ್ ಒಬ್ಬರ ಮೈ ಪರೀಕ್ಷಿಸಿಯೇ ಗಡ್ಡೆಯ ಜಾಗ ಅಂದಾಜಿಸಿದರು. ವಿಕ್ಟರ್ ಹಾರ್ಸ್ಲಿ ಬೆನ್ನು ಬಿಚ್ಚಿ ಅದನ್ನು ತೆಗೆದರು. ಎಕ್ಸ್‌ರೇ ಪತ್ತೆಯಾದದ್ದೇ 1895ರಲ್ಲಿ! ಎರಡೂ ಕಾಲು ಸೋತಿದ್ದ ಆ ರೋಗಿ ಮತ್ತೆ ನಡೆದರು.

‘ಬೆನ್ನಿಗೆ ಆಪರೇಷನ್ ಮಾಡಿಸಿದರೆ ಕಾಲು ಹೋಗ್ತವೆ’ ಎಂಬ ಮಾತು ಈ ಸೀಮೆಯಲ್ಲೂ ಇದೆ. ಅಪಾಯ ಇಲ್ಲವೆಂದಲ್ಲ. ಆದರೆ ಗಡ್ಡೆಗಳೆಲ್ಲ ಒಂದೇ ಜಾತಿಯವಲ್ಲ. ಬೇರಿಗೆ ಶೇಂಗಾ ಕಾಯಿ ಜೋತುಬಿದ್ದಂತೆ ನರದ ಬುಡಕ್ಕೆ ಅಂಟಿ ಹುರಿಯನ್ನು ಪಕ್ಕಕ್ಕೆ ಒತ್ತುವ ಶ್ವಾನೋಮಾ ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ; ಹೆಚ್ಚಿನ ಸಲ ಪೂರ್ತಿ ತೆಗೆಯಬಹುದು. ಹುರಿಯೊಳಗೇ ಬೆಳೆಯುವ ಎಪೆಂಡೈಮೋಮಾಕ್ಕೆ ಹಲವು ಸಲ ಒಂದು ಅಂಚು ಸಿಗುತ್ತದೆ, ಅದನ್ನು ಹಿಡಿದು ಬಿಡಿಸುತ್ತಾರೆ. ಆಸ್ಟ್ರೋಸೈಟೋಮಾ ಹುರಿಯೊಂದಿಗೆ ಬೆರೆತಿರುತ್ತದೆ. ಅಲ್ಲಿ ಎಲ್ಲಿ ನಿಲ್ಲಿಸಬೇಕೆಂಬುದೇ ಶಸ್ತ್ರವೈದ್ಯರ ವಿವೇಕ. ರೋಗಿಯನ್ನು ಬೋರಲು ಮಲಗಿಸಿ, ಮೂಳೆಯ ಹಿಂಬದಿಯ ಕಮಾನು ತೆಗೆದು, ಸೂಕ್ಷ್ಮದರ್ಶಕದಡಿ ಹುರಿಯ ಹೊದಿಕೆ ಸೀಳುತ್ತಾರೆ. ಕೈಕಾಲಿಗೆ ಹೋಗುವ ಸಂಕೇತಗಳ ಮೇಲೆ ಯಂತ್ರವೊಂದು ಕಣ್ಣಿಟ್ಟಿರುತ್ತದೆ. ಸಂಕೇತ ಕುಗ್ಗಿದರೆ ಕೈ ತಡೆಯುತ್ತಾರೆ. ಕಾಲು ಉಳಿಯುವುದು ಬಹುಮಟ್ಟಿಗೆ ಆಪರೇಷನ್‌ಗೆ ಮುಂಚೆ ಎಷ್ಟು ಬಲ ಉಳಿದಿತ್ತು ಎಂಬುದರ ಮೇಲೆ. ನಡೆದು ಬಂದವರಿಗೂ ಹೊತ್ತು ತರಬೇಕಾದವರಿಗೂ ನಡುವಿನ ಅಂತರ ದೊಡ್ಡದು.

ಮೊಳಕಾಲ್ಮುರಿನವರಿಗೆ ಬಳ್ಳಾರಿ ಹತ್ತಿರ, ಚಳ್ಳಕೆರೆಯವರಿಗೆ ಚಿತ್ರದುರ್ಗ. ಅಲ್ಲಿಂದಾಚೆ ಬೆಂಗಳೂರಿನ ನಿಮ್ಹಾನ್ಸ್. ಆ ಹೆಸರು ಕೇಳಿದೊಡನೆ ‘ನಮ್ಮವರಿಗೇನು ಹುಚ್ಚೇ?’ ಎನ್ನುವವರು ಇನ್ನೂ ಇದ್ದಾರೆ. ಮಾನಸಿಕ ಆಸ್ಪತ್ರೆಯೂ ಸಂಶೋಧನಾ ಸಂಸ್ಥೆಯೂ ಕೂಡಿ 1974ರಲ್ಲಿ ಆದ ಸಂಸ್ಥೆ ಅದು. ಮೊದಲ ನಿರ್ದೇಶಕ ಆರ್. ಮಾರ್ತಾಂಡ ವರ್ಮ ಸ್ವತಃ ನರಶಸ್ತ್ರವೈದ್ಯರು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಕೇಳುತ್ತಾರೆ, ರೇಷನ್ ಕಾರ್ಡ್ ಜೊತೆಗಿರಲಿ. ಆದರೆ ಕಾಲು ದಿಢೀರನೆ ಸೋತು ಮೂತ್ರ ಕಟ್ಟಿದರೆ ಪತ್ರಕ್ಕೆ ಕಾಯಬೇಡಿ, ಅದು ತುರ್ತು, ಸೀದಾ ಹೊರಡಿ.