ಗಿಡ ತೊಳೆದರೂ ಬಸವನಹುಳು ಬಂತೇಕೆ?

ಗಡಹಿಂಗ್ಲಜ ತಾಲ್ಲೂಕಿನ ನೂಲದಿಂದ ಓದುಗರೊಬ್ಬರು ಕೇಳಿದ್ದಾರೆ: ‘ಕೊಲ್ಹಾಪುರದಿಂದ ತಂದ ಅಕ್ವೇರಿಯಂ ಗಿಡಗಳನ್ನು ನಳದ ಕೆಳಗೆ ಚೆನ್ನಾಗಿ ತೊಳೆದೇ ನೆಟ್ಟೆ. ಆದರೂ ತಿಂಗಳೊಳಗೆ ಗಾಜಿನ ತುಂಬ ಬಸವನಹುಳು. ಎಲ್ಲಿಂದ ಬಂದವು?’

ಎಲೆಯ ಅಡಿಯಿಂದ. ನೆನೆಸಿದ ಕಾಮಕಸ್ತೂರಿ ಬೀಜದ ಹಾಗೆ ಲೋಳೆಯೊಳಗೆ ಕೂತ ಮೊಟ್ಟೆಗಳು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ, ನಳದ ನೀರಿಗೆ ಕಳಚುವುದೂ ಇಲ್ಲ. ಇಂಥ ತೊಟ್ಟಿಗಳಲ್ಲಿ ಹೆಚ್ಚಾಗಿ ಕಾಣುವ ಫೈಸಾ ಕುಲದ ಹುಳು ಗಂಡೂ ಹೌದು, ಹೆಣ್ಣೂ ಹೌದು. ಜೊತೆ ಸಿಗದಿದ್ದರೆ ಒಂಟಿಯಾಗಿಯೇ ವಂಶ ಬೆಳೆಸುತ್ತದೆ. ಏರೋಪ್ಲೇನ್ ಚಿಟ್ಟೆಯ ಬಳಗದ ಕೆಲವು ಕೀಟಗಳಂತೂ ದಂಟನ್ನೇ ಸೀಳಿ ಒಳಗೆ ಮೊಟ್ಟೆ ಇಡುತ್ತವೆ. ಅವುಗಳ ಮರಿಗಳು ಮೀನಿನ ಮರಿಗಳನ್ನೇ ಹಿಡಿದು ತಿನ್ನುತ್ತವೆ.

ಹಾಗಾದರೆ ಔಷಧಿ? ಪೊಟ್ಯಾಸಿಯಂ ಪರ್ಮಾಂಗನೇಟ್ ನನಗೆ ಅಚ್ಚುಮೆಚ್ಚಿನದು. 1890ರ ದಶಕದಲ್ಲಿ ಆಗ್ರಾದಲ್ಲಿದ್ದ ವಿಜ್ಞಾನಿ ಅರ್ನೆಸ್ಟ್ ಹ್ಯಾಂಕಿನ್ ಕಾಲರಾ ತಡೆಯಲು ಬಾವಿಗಳಿಗೆ ಇದನ್ನೇ ಹಾಕಿಸಿದರು. ಮುಂದೆ ಎಷ್ಟೋ ಊರುಗಳ ಬಾವಿನೀರು ಬೇಸಿಗೆಯಲ್ಲಿ ನೇರಳೆಗೆ ತಿರುಗಿದ್ದು ಈ ಹರಳಿನಿಂದಲೇ. ಇದು ಕೊಳೆಯನ್ನೂ ಸೂಕ್ಷ್ಮಜೀವಿಗಳನ್ನೂ ಉತ್ಕರ್ಷಿಸಿ ಸುಡುತ್ತದೆ. ಸುಡುತ್ತಾ ತಾನು ಮ್ಯಾಂಗನೀಸ್ ಡೈಆಕ್ಸೈಡ್ ಆಗುತ್ತದೆ. ಆದ್ದರಿಂದ ನೇರಳೆ ಬಣ್ಣ ಇರುವ ತನಕ ಕೆಲಸ ನಡೆದಿದೆ. ನೀರು ಕಂದಾದರೆ ಶಕ್ತಿ ಮುಗಿದಿದೆ. ತನ್ನ ಕೆಲಸವನ್ನು ಇಷ್ಟು ಚೆಂದವಾಗಿ ಬಣ್ಣದಲ್ಲೇ ಹೇಳುವ ರಾಸಾಯನಿಕ ಅಪರೂಪ. 10 ಲೀಟರ್ ನೀರಿಗೆ 0.1 ಗ್ರಾಂ, 10 ನಿಮಿಷ, ಬಳಿಕ ಶುದ್ಧ ನೀರಿನಲ್ಲಿ ಜಾಲಾಡುವುದು.

ಆದರೆ ಲೋಳೆಯ ಕವಚ ದಾಟಿ ಮೊಟ್ಟೆಯನ್ನು ಕೊಲ್ಲುತ್ತದೆಂದು ಇದನ್ನು ನಂಬುವಂತಿಲ್ಲ. ‘ಒಂದೇ ಅದ್ದಿಗೆ ಎಲ್ಲ ಸ್ವಚ್ಛ’ ಎನ್ನುವ ಬಾಟಲಿಗಳನ್ನೂ ನಾನು ನಂಬುವುದಿಲ್ಲ. ಮೊಟ್ಟೆ ಒಡೆಯಲು ಸಾಮಾನ್ಯವಾಗಿ ಒಂದೆರಡು ವಾರ ಬೇಕು. ಗಿಡವನ್ನು ಬೇರೆ ಬಕೆಟ್ಟಿನಲ್ಲಿ, ಬೆಳಕಿನಲ್ಲಿ ಮೂರು ವಾರ ಇಡಿ. ಹೊರಬಂದ ಮರಿಗಳನ್ನು ತೆಗೆದು ನೀರು ಬದಲಿಸುತ್ತಿರಿ. ಗಿಡ ಬೆಳೆಸುವವರು ಸಿಂಪಡಿಸಿದ ಕೀಟನಾಶಕದ ಅಂಶವೂ ಅಷ್ಟರಲ್ಲಿ ಇಳಿಯುತ್ತದೆ. ಸಿಗಡಿ ಸಾಕುವವರಿಗೆ ಇದು ಇನ್ನೂ ಮುಖ್ಯ.

ಬಕೆಟ್ಟಿನ ನೀರನ್ನು ಮಾತ್ರ ಗಟಾರಕ್ಕೆ ಚೆಲ್ಲಬೇಡಿ. ನಿಮ್ಮ ಸೀಮೆಯ ಗಟಾರದ ದಾರಿ ಹಿರಣ್ಯಕೇಶಿಗೆ, ಅಲ್ಲಿಂದ ಘಟಪ್ರಭೆಗೆ. ಹಿರಣ್ಯಕೇಶಿ ಹುಟ್ಟುವ ಅಂಬೋಲಿಯಲ್ಲಿ ವಿಜ್ಞಾನಕ್ಕೇ ಹೊಸದಾದ ಮೀನೊಂದು ಸಿಕ್ಕಿ, 2020ರಲ್ಲಿ ಶಿಸ್ಟೂರಾ ಹಿರಣ್ಯಕೇಶಿ ಎಂಬ ಹೆಸರು ಪಡೆಯಿತು. ಇನ್ನೂ ನಾವು ಪೂರ್ತಿ ಅರಿಯದ ಇಂಥ ನದಿಗೆ ಉತ್ತರ ಅಮೆರಿಕ ಮೂಲದ ಫೈಸಾ ಹುಳುವನ್ನು ಬಿಡುವುದು ತಪ್ಪು. ಗಿಡದ ಚೂರೂ ಅಷ್ಟೇ ಅಪಾಯ: ನಮ್ಮ ಕೆರೆಗಳ ನೀರುಗಿಡ ಹೈಡ್ರಿಲ್ಲಾ 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಶ್ರೀಲಂಕಾದಿಂದ ಫ್ಲಾರಿಡಾಕ್ಕೆ ಹೋಗಿ ಅಲ್ಲಿನ ಕಾಲುವೆಗಳನ್ನೇ ಕಟ್ಟಿಹಾಕಿತು. ಅದು ಹರಡಲು ದಂಟಿನ ಒಂದು ಚೂರು ಸಾಕು. ನೀರನ್ನು ಒಣ ಮಣ್ಣಿಗೆ ಸುರಿಯಿರಿ, ಕತ್ತರಿಸಿದ ದಂಟುಗಳನ್ನು ಬಿಸಿಲಲ್ಲಿ ಗರಿಗರಿಯಾಗುವಷ್ಟು ಒಣಗಿಸಿ.