ಮೊನಾಕೊದಲ್ಲಿ ಗೆದ್ದ ಬೆಂಗಳೂರಿನ ಹುಡುಗ

ಮೊನಾಕೊದ ರೇಸ್ ಟ್ರ್ಯಾಕ್ ಎಂದರೆ ಪ್ರತ್ಯೇಕ ಮೈದಾನವಲ್ಲ. ಊರಿನ ಬೀದಿಗಳ ಎರಡೂ ಕಡೆ ಕಬ್ಬಿಣದ ತಡೆ ಕಟ್ಟಿ ಅಲ್ಲೇ ಕಾರು ಓಡಿಸುತ್ತಾರೆ. ಒಂದು ಗೇಣು ಆಚೀಚೆಯಾದರೆ ಚಕ್ರ ತಡೆಗೆ ಬಡಿದು ಆಟ ಅಲ್ಲಿಗೇ ಮುಗಿಯಿತು! 2025ರ ಮೇ 24ರಂದು ಅಲ್ಲಿ ನಡೆದ ಫಾರ್ಮುಲಾ 2 ಸ್ಪ್ರಿಂಟ್ ರೇಸಿನಲ್ಲಿ ಮೊದಲಿನಿಂದ ಕೊನೆಯವರೆಗೆ ಯಾರಿಗೂ ದಾರಿ ಬಿಡದೆ ಗೆದ್ದವನು ಬೆಂಗಳೂರಿನ ಕುಶ್ ಮೈನಿ. ಮೊನಾಕೊದಲ್ಲಿ ಫಾರ್ಮುಲಾ 2 ರೇಸ್ ಗೆದ್ದ ಮೊದಲ ಭಾರತೀಯ ಎಂಬ ಹೆಸರು ಅಂದು ಈತನದಾಯಿತು.

ಹಾಗಾದರೆ ಮುಂದಿನ ಮೆಟ್ಟಿಲು ಫಾರ್ಮುಲಾ 1 ತಾನೆ? ಲೆಕ್ಕ ಅಷ್ಟು ಸರಳವಲ್ಲ.

ಫಾರ್ಮುಲಾ 2ರಲ್ಲಿ ಎಲ್ಲರಿಗೂ ಒಂದೇ ಬಗೆಯ ಕಾರು, ಒಂದೇ ಬಗೆಯ ಎಂಜಿನ್. ಶುಕ್ರವಾರ ಅರ್ಹತಾ ಸುತ್ತು, ಶನಿವಾರ ಚಿಕ್ಕ ಸ್ಪ್ರಿಂಟ್ ರೇಸ್, ಭಾನುವಾರ ದೊಡ್ಡ ರೇಸ್. ಸ್ಪ್ರಿಂಟ್‌ನಲ್ಲಿ ಒಂದು ತಮಾಷೆಯಿದೆ. ಅರ್ಹತಾ ಸುತ್ತಿನ ಮೊದಲ ಹತ್ತು ಮಂದಿಯನ್ನು ತಲೆಕೆಳಗು ಮಾಡಿ ನಿಲ್ಲಿಸುತ್ತಾರೆ. ಹತ್ತನೆಯವನು ಎಲ್ಲರಿಗಿಂತ ಮುಂದೆ! ಮೊನಾಕೊದಲ್ಲಿ ಕುಶ್ ಮುಂದೆ ನಿಂತದ್ದು ಹೀಗೆಯೇ. ಅಲ್ಲಿ ಮುಂದಿರುವವನನ್ನು ದಾಟುವುದು ಬಹಳ ಕಷ್ಟ ಎಂಬುದು ನಿಜ. ಆದರೂ ಹಿಂದೆ ಹತ್ತಿರವೇ ಬರುವವರ ಒತ್ತಡದಲ್ಲಿ ಒಂದೇ ಒಂದು ತಪ್ಪಿಲ್ಲದೆ ಸುತ್ತು ಮುಗಿಸುವುದು ಸಾಮಾನ್ಯ ಕೆಲಸವಲ್ಲ. ಆದರೆ ಸ್ಪ್ರಿಂಟ್ ಗೆದ್ದವನಿಗೆ ಸಿಗುವುದು 10 ಅಂಕ. ಭಾನುವಾರದ ರೇಸ್ ಗೆದ್ದರೆ 25. ಚಾಂಪಿಯನ್‌ಷಿಪ್ ನಿರ್ಧಾರವಾಗುವುದು ಭಾನುವಾರಗಳಲ್ಲಿ.

ಕುಶ್ ಹುಟ್ಟಿದ್ದು 2000ದ ಸೆಪ್ಟೆಂಬರ್‌ನಲ್ಲಿ. ತಂದೆ ಗೌತಮ್ ಮೈನಿ ಸ್ವತಃ ರೇಸ್ ಓಡಿಸಿದವರು. ಬೆಂಗಳೂರಿನ ರಸ್ತೆಗಳಲ್ಲಿ ಓಡಾಡಿದ ಪುಟ್ಟ ವಿದ್ಯುತ್ ಕಾರು 'ರೇವಾ' ನೆನಪಿದೆಯಲ್ಲ, ಅದನ್ನು ರೂಪಿಸಿದ ಚೇತನ್ ಮೈನಿ ಈತನ ಚಿಕ್ಕಪ್ಪ. ಮನೆಯಲ್ಲಿ ಯಂತ್ರಗಳ ಮಾತೇ ಮಾತು. ಕಾರ್ಟಿಂಗ್‌ನಿಂದ ಆರಂಭಿಸಿದ ಕುಶ್ 2016ರಲ್ಲಿ ಇಟಲಿಯ ಫಾರ್ಮುಲಾ 4ಕ್ಕೆ ಇಳಿದ. 2018ರಲ್ಲಿ ಬ್ರಿಟಿಷ್ ಫಾರ್ಮುಲಾ 3ರಲ್ಲಿ ಮೂರನೆಯ ಸ್ಥಾನ, 2020ರಲ್ಲಿ ಅದೇ ಸ್ಪರ್ಧೆಯಲ್ಲಿ ಎರಡನೆಯ ಸ್ಥಾನ. 2023ರಲ್ಲಿ ಫಾರ್ಮುಲಾ 2.

ಈತನ 2024ರ ಋತುವನ್ನು ನೋಡಿದರೆ ಈ ಕ್ರೀಡೆಯ ಸ್ವಭಾವ ಅರ್ಥವಾಗುತ್ತದೆ. ಬಹ್ರೇನ್‌ನಲ್ಲಿ ಮೊದಲ ಅರ್ಹತಾ ಸುತ್ತಿನಲ್ಲೇ ಕುಶ್ ಎಲ್ಲರಿಗಿಂತ ವೇಗಿ. ಸಂಭ್ರಮ ಮುಗಿಯುವ ಮೊದಲೇ ತಾಂತ್ರಿಕ ತಪಾಸಣೆಯಲ್ಲಿ ಕಾರು ನಿಯಮಕ್ಕೆ ಹೊಂದುತ್ತಿಲ್ಲವೆಂದು ತೀರ್ಪು ಬಂತು, ಮೊದಲ ಜಾಗ ಹೋಗಿ ಕೊನೆಯ ಸಾಲು ಸಿಕ್ಕಿತು. ಹಂಗೇರಿಯಲ್ಲಿ ನಡೆದದ್ದು ಇದರ ಉಲ್ಟಾ. ಸ್ಪ್ರಿಂಟ್‌ನಲ್ಲಿ ಮೊದಲು ಬಂದ ರಿಚರ್ಡ್ ವರ್ಶೂರ್ ಅನರ್ಹನಾಗಿ, ಎರಡನೆಯವನಾಗಿದ್ದ ಕುಶ್‌ಗೆ ಫಾರ್ಮುಲಾ 2ರ ಮೊದಲ ಗೆಲುವು ದಕ್ಕಿತು. ಅದೃಷ್ಟ ಕೊಟ್ಟಿದ್ದೂ ಇದೆ, ಕಿತ್ತುಕೊಂಡಿದ್ದೂ ಇದೆ.

ಆದರೆ ಎಲ್ಲವನ್ನೂ ಅದೃಷ್ಟದ ತಲೆಗೆ ಕಟ್ಟುವಂತಿಲ್ಲ. ಅದೇ ವರ್ಷ, ಅದೇ ಇನ್‌ವಿಕ್ಟಾ ತಂಡದಲ್ಲಿ, ಅದೇ ಬಗೆಯ ಕಾರಿನಲ್ಲಿ ಕುಶ್‌ನ ಜೊತೆಗಾರನಾಗಿದ್ದ ಬ್ರೆಜಿಲ್‌ನ ಗೇಬ್ರಿಯಲ್ ಬೊರ್ಟೊಲೆಟೊ ಚಾಂಪಿಯನ್ ಆಗಿ 2025ರಲ್ಲಿ ಫಾರ್ಮುಲಾ 1ಕ್ಕೆ ಏರಿದ. ಕುಶ್ ಮೊದಲ ಹತ್ತರೊಳಗೂ ಬರಲಿಲ್ಲ. ಕಾರನ್ನು ದೂರಲು ಇಲ್ಲಿ ಆಸ್ಪದವೇ ಇಲ್ಲ. ಒಂದು ಸುತ್ತಿನ ವೇಗ ಕುಶ್‌ಗೆ ಇದೆ. ವಾರದಿಂದ ವಾರಕ್ಕೆ ಅಂಕ ಕೂಡಿಸುವುದರಲ್ಲಿ ಹಿಂದೆ ಬಿದ್ದಿದ್ದಾನೆ.

ಅಂಕಗಳಿಗೆ ಇಷ್ಟೇಕೆ ಬೆಲೆ? 2015ರಲ್ಲಿ ಮ್ಯಾಕ್ಸ್ ವರ್ಸ್ಟಾಪೆನ್ 17ರ ವಯಸ್ಸಿಗೇ ಫಾರ್ಮುಲಾ 1ಕ್ಕೆ ಬಂದ ಮೇಲೆ ನಿಯಮ ಬಿಗಿಯಾಯಿತು. ಈಗ 'ಸೂಪರ್ ಲೈಸೆನ್ಸ್' ಬೇಕೆಂದರೆ ಸಾಮಾನ್ಯವಾಗಿ 18 ತುಂಬಿರಬೇಕು, ಮೂರು ಋತುಗಳಲ್ಲಿ ಒಟ್ಟು 40 ಲೈಸೆನ್ಸ್ ಅಂಕ ಗಳಿಸಿರಬೇಕು. ಫಾರ್ಮುಲಾ 2ರ ಮೊದಲ ಮೂವರಿಗೆ ತಲಾ 40. ಹತ್ತನೆಯವನಿಗೆ ಬರೀ 3. ಅದರಾಚೆ ಸ್ಥಾನಕ್ಕಾಗಿ ಏನೂ ಇಲ್ಲ. ಕುಶ್ 2023, 2024, 2025 ಮೂರೂ ಋತುಗಳನ್ನು ಮುಗಿಸಿದ್ದು ಹತ್ತರ ಆಚೆಗೆ.

2025ರಲ್ಲಿ ಆಲ್ಪೀನ್ ಫಾರ್ಮುಲಾ 1 ತಂಡ ಈತನನ್ನು ಟೆಸ್ಟ್ ಮತ್ತು ರಿಸರ್ವ್ ಚಾಲಕನನ್ನಾಗಿ ಹೆಸರಿಸಿತ್ತು. ಆ ಮೇ ತಿಂಗಳಲ್ಲೇ ಆಲ್ಪೀನ್ ತನ್ನ ಒಬ್ಬ ಚಾಲಕನನ್ನು ಬದಲಿಸಿತು. ಜಾಗ ಹೋದದ್ದು ಅದಾಗಲೇ ಒಂಬತ್ತು ಫಾರ್ಮುಲಾ 1 ರೇಸ್ ಓಡಿಸಿದ್ದ ಅರ್ಜೆಂಟೀನಾದ ಫ್ರಾಂಕೊ ಕೊಲಪಿಂಟೊಗೆ. ಅದೇ ತಿಂಗಳಲ್ಲೇ ಕುಶ್ ಮೊನಾಕೊದಲ್ಲಿ ಗೆದ್ದದ್ದು!

ಇನ್ನು ತಂದೆತಾಯಿ ಮೊದಲು ಕೇಳುವ ಪ್ರಶ್ನೆ: ಖರ್ಚು? ಫಾರ್ಮುಲಾ 2ರ ಒಂದೇ ಋತುವಿಗೆ 20 ಲಕ್ಷ ಯೂರೊಗೂ ಹೆಚ್ಚು ಬೇಕೆಂಬುದು ಆ ವಲಯದಲ್ಲಿ ಕೇಳಿಬರುವ ಲೆಕ್ಕ. ನಮ್ಮ ಹಣದಲ್ಲಿ ಇಪ್ಪತ್ತು ಕೋಟಿ ರೂಪಾಯಿಯ ಆಸುಪಾಸು. ಉದ್ಯಮಿ ಮನೆತನಕ್ಕೂ ಇದು ಸಲೀಸಲ್ಲ. ಪ್ರಾಯೋಜಕರಿಲ್ಲದೆ ಪ್ರತಿಭೆಯೊಂದರಿಂದಲೇ ಇಲ್ಲಿಯವರೆಗೆ ಬರಬಹುದೆಂದು ಮಕ್ಕಳಿಗೆ ಹೇಳುವುದು ಮೋಸ.

2011ರಲ್ಲಿ ಫೋರ್ಸ್ ಇಂಡಿಯಾ ತಂಡ ದೇಶವಿಡೀ ಹುಡುಕಿ ಮೂವರು ಹುಡುಗರನ್ನು ಆರಿಸಿತ್ತು. ಕುಶ್‌ನ ಅಣ್ಣ ಅರ್ಜುನ್ ಅವರಲ್ಲೊಬ್ಬ, ಮುಂಬೈಯ ಜೆಹಾನ್ ದಾರೂವಾಲಾ ಇನ್ನೊಬ್ಬ. ಇಬ್ಬರೂ ಫಾರ್ಮುಲಾ 2ರವರೆಗೆ ಹೋದರು; ಮುಂದಿನ ಬಾಗಿಲು ತೆರೆಯಲಿಲ್ಲ. ಹಾಗೆಂದು ಇಬ್ಬರೂ ಮನೆಗೆ ಮರಳಲಿಲ್ಲ. ಅರ್ಜುನ್ 2021ರಲ್ಲಿ ಜರ್ಮನಿಯ ಡಿಟಿಎಂ ಸೇರಿ ಅಲ್ಲಿ ಹೆಸರು ಮಾಡಿದ. ಜೆಹಾನ್ 2024ರಲ್ಲಿ ವಿದ್ಯುತ್ ಕಾರುಗಳ ಫಾರ್ಮುಲಾ ಇ ಓಡಿಸಿದ. ಕೊಯಮತ್ತೂರಿನ ನರೇನ್ ಕಾರ್ತಿಕೇಯನ್ 2005ರಲ್ಲಿ, ಚೆನ್ನೈನ ಕರುಣ್ ಚಂದೋಕ್ 2010ರಲ್ಲಿ ಫಾರ್ಮುಲಾ 1 ಪ್ರವೇಶಿಸಿದ ಬಳಿಕ ಅಲ್ಲಿಗೆ ಹೊಸ ಭಾರತೀಯ ಹೆಸರು ಸೇರಿದ್ದು 2025ರ ಕೊನೆಯವರೆಗೂ ಇಲ್ಲ.

ಸ್ಟಿಯರಿಂಗ್ ಹಿಡಿಯುವ ಆಸೆಯ ಜೊತೆಗೆ ಎಂಜಿನಿಯರಿಂಗ್‌ನಲ್ಲೂ ಒಲವಿದ್ದರೆ ಇನ್ನೊಂದು ಹಾದಿಯಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿದ ಕಾರಿನೊಂದಿಗೆ ಸ್ಪರ್ಧಿಸುವ 'ಫಾರ್ಮುಲಾ ಭಾರತ್' ಕೊಯಮತ್ತೂರಿನ ಕಾರಿ ಟ್ರ್ಯಾಕ್‌ನಲ್ಲಿ ನಡೆಯುತ್ತದೆ. ಒಬ್ಬ ಚಾಲಕನ ಬೆನ್ನಿಗೆ ಎಂಜಿನಿಯರು, ಮೆಕ್ಯಾನಿಕ್ಕು, ದತ್ತಾಂಶ ಓದುವವರು ಎಂದು ದೊಡ್ಡ ಬಳಗವೇ ಇರುತ್ತದೆ. ಚಾಲಕರಾಗುವವರೂ ಪುಸ್ತಕ ಮುಚ್ಚಬೇಕಿಲ್ಲ: ಇಟಲಿಯ ಕಿಮಿ ಆಂಟೊನೆಲ್ಲಿ 2025ರ ಜೂನ್‌ನಲ್ಲಿ ಕೆನಡಾದಲ್ಲಿ ಫಾರ್ಮುಲಾ 1ರ ಮೂರನೆಯ ಸ್ಥಾನ ಪಡೆದು, ಅದೇ ತಿಂಗಳು ಊರಿಗೆ ಬಂದು ಶಾಲೆಯ ಅಂತಿಮ ಪರೀಕ್ಷೆಗೆ ಕೂತ.

2026ರಿಂದ ಫಾರ್ಮುಲಾ 1ಕ್ಕೆ ಹನ್ನೊಂದನೆಯ ತಂಡವಾಗಿ ಕ್ಯಾಡಿಲ್ಯಾಕ್ ಬಂದಿದೆ. ಸೀಟುಗಳು 20ರಿಂದ 22ಕ್ಕೆ ಏರಿವೆ. ಹೆಚ್ಚಿದ ಆ ಎರಡೂ ಸೀಟು ಸಿಕ್ಕಿದ್ದು ಹಳಬರಾದ ಪೆರೆಜ್ ಮತ್ತು ಬೊಟ್ಟಾಸ್‌ಗೆ.