ಬಾಲ್, ಪುಟ, ಹೊಡಿ, ರೆಡಿ

ಬೆಳಗಿನ ಆರೂವರೆ. ಕಬ್ಬನ್ ಪಾರ್ಕಿನ ಮರಗಳ ನಡುವಿನ ಟೆನಿಸ್ ಅಂಕಣಕ್ಕೆ ಬಿಸಿಲು ಇನ್ನೂ ಪೂರ್ತಿ ಇಳಿದಿಲ್ಲ. ಬಲೆಯ ಈಚೆ ಏಳೆಂಟು ವರ್ಷದ ಮಕ್ಕಳ ಸಾಲು. ಒಬ್ಬನ ಶೂ ಲೇಸು ಬಿಚ್ಚಿದೆ, ಇನ್ನೊಬ್ಬಳ ಟೋಪಿ ಹುಬ್ಬಿನ ಮೇಲೆ ಜಾರಿದೆ. ಬುಟ್ಟಿಯ ತುಂಬ ಮೆತ್ತನೆಯ ಕೆಂಪು ಚೆಂಡುಗಳು. ಹತ್ತರೊಳಗಿನವರ ಸ್ಪರ್ಧೆಗಳಿಗೆ ಮಾಮೂಲಿ ಹಳದಿ ಚೆಂಡು ಬೇಡವೆಂದು ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ 2012ರಲ್ಲೇ ನಿಯಮ ಮಾಡಿದೆ. ಕೆಂಪು ಚೆಂಡು ನಿಧಾನಕ್ಕೆ ಬರುತ್ತದೆ, ಮಗುವಿಗೆ ಒಂದು ಮಾತಾಡುವಷ್ಟು ಸಮಯ ಕೊಡುತ್ತದೆ.

ಆ ಸಮಯದಲ್ಲೇ ಇಲ್ಲಿನ ಪಾಠ. ಕೋಚ್ ಕೈಯಿಂದ ಚೆಂಡು ಬಿಟ್ಟಾಗ ‘ಬಾಲ್’. ನೆಲಕ್ಕೆ ತಾಗಿದಾಗ ‘ಪುಟ’. ರ್‍ಯಾಕೆಟ್ಟಿಗೆ ಸಿಕ್ಕಾಗ ‘ಹೊಡಿ’. ಮತ್ತೆ ಜಾಗಕ್ಕೆ ಬಂದು ನಿಂತಾಗ ‘ರೆಡಿ’. ಹೇಳುವುದು ಕೋಚ್ ಅಲ್ಲ, ಆಡುವ ಮಗುವೇ.

ಎರಡು ಜಡೆಯ ಹುಡುಗಿ ನಾಲ್ಕನ್ನೂ ಒಂದೇ ಉಸಿರಿಗೆ ಒದರಿಬಿಟ್ಟಳು. ರ್‍ಯಾಕೆಟ್ ಗಾಳಿ ಸೀಳಿತು, ಚೆಂಡು ಬೇಲಿ ಸೇರಿತು. ಇನ್ನೂ ಕೆಲವು ಚೆಂಡು ಹಾಗೇ ಹೋದವು. ಆಮೇಲೊಂದು ಸಲ ‘ಪುಟ’ ಎಂಬ ಮಾತೂ ಚೆಂಡು ನೆಲಕ್ಕೆ ತಾಗಿದ ಸದ್ದೂ ಒಟ್ಟಿಗೆ ಕೇಳಿದವು. ಹೊಡೆತ ತಂತಿಯ ನಟ್ಟನಡುವಿಗೆ ಬಿತ್ತು.

ಅಮೆರಿಕದ ಸಂಶೋಧಕಿ ಸೂಸನ್ ಝೀಗ್ಲರ್ 1987ರಲ್ಲಿ ಟೆನಿಸ್ ಕಲಿಯತೊಡಗಿದವರಿಗೆ ಇಂಥದೇ ನಾಲ್ಕು ಮಾತು ಹೇಳಿಕೊಳ್ಳಲು ಕಲಿಸಿದರು. ಕಲಿಯುವವರ ಹೊಡೆತ ಸುಧಾರಿಸಿತು. ಗುಟ್ಟು ನನಗೆ ಕಾಣುವುದು ಇಷ್ಟು: ಕಣ್ಣು ಚೆಂಡಿನ ಮೇಲಿಲ್ಲದೆ ‘ಪುಟ’ವನ್ನು ಸರಿಯಾದ ಗಳಿಗೆಗೆ ಹೇಳಲು ಆಗುವುದೇ ಇಲ್ಲ. ಬೇಲಿಯಾಚೆ ನಿಂತ ಅಪ್ಪನ ಕಡೆಗೆ, ಪಕ್ಕದ ಅಂಕಣದ ಗಲಾಟೆಗೆ ಹರಿಯುವ ಕಣ್ಣನ್ನು ಆ ಒಂದು ಮಾತು ಗೂಟಕ್ಕೆ ಕಟ್ಟಿದ ಕರುವಿನಂತೆ ಹಿಡಿದು ನಿಲ್ಲಿಸುತ್ತದೆ. ‘ಚೆಂಡು ನೋಡು, ಚೆಂಡು ನೋಡು’ ಎಂದು ಹೊರಗಿನಿಂದ ಎಷ್ಟು ಕೂಗಿದರೂ ಈ ಕೆಲಸ ಆಗದು.

ಸಾಲಿನ ಕೊನೆಯಲ್ಲಿ ಒಬ್ಬ ಹುಡುಗ, ಚೆಂಡು ತಪ್ಪಿದಾಗಲೆಲ್ಲ ‘ಛೆ, ನಂಗೆ ಬರಲ್ಲ’ ಎನ್ನುತ್ತಾನೆ. ಅದೂ ತನಗೆ ತಾನೇ ಹೇಳಿಕೊಂಡ ಮಾತೇ, ಆದರೆ ಮುಂದಿನ ಚೆಂಡಿಗೆ ಏನು ಮಾಡಬೇಕೆಂದು ಅದು ಹೇಳುವುದಿಲ್ಲ. ಕೋಚ್ ಗದರಲಿಲ್ಲ, ‘ನೀನು ಹುಲಿ’ ಎಂದು ಹುರಿದುಂಬಿಸಲೂ ಇಲ್ಲ. ‘ಈ ಸಲ ಹೊಡೀಬೇಡ. ಪುಟ ಅನ್ನು, ಸಾಕು’ ಎಂದರು. ಹುಡುಗ ಅಂದ. ಮತ್ತೊಮ್ಮೆ ಅಂದ. ಮೂರನೆಯದಕ್ಕೆ ಕೈ ತಾನಾಗಿ ಎದ್ದಿತು.

ಗ್ರೀಸಿನ ಥೆಸಲಿ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಕ್ರೀಡೆಯಲ್ಲಿ ತನಗೆ ತಾನೇ ಹೇಳಿಕೊಳ್ಳುವ ಮಾತಿನ ಬಗೆಗಿನ 32 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ಹೊಸದಾಗಿ ಕಲಿಯುವ ಕೌಶಲಕ್ಕೆ, ಸೂಕ್ಷ್ಮ ಚಲನೆಗೆ ಲಾಭ ಹೆಚ್ಚು. ಹೇಳಿಕೊಳ್ಳುವುದನ್ನೂ ಅಭ್ಯಾಸ ಮಾಡಿದವರಿಗೆ ಇನ್ನೂ ಹೆಚ್ಚು.

ಏಳೂಕಾಲರ ಹೊತ್ತಿಗೆ ಎರಡು ಜಡೆಯವಳ ದನಿ ಅಡಗಿದೆ, ತುಟಿ ಮಾತ್ರ ಆಡುತ್ತಿದೆ. ಕಷ್ಟದ ಕೆಲಸಕ್ಕೆ ಕೈಹಾಕಿದ ಮಗು ಗಟ್ಟಿಯಾಗಿ ಮಾತಾಡಿಕೊಳ್ಳುತ್ತದೆ, ಆ ಮಾತೇ ಮುಂದೆ ಒಳಗಿಳಿದು ಯೋಚನೆಯಾಗುತ್ತದೆ ಎಂದು ರಷ್ಯಾದ ಮನಶ್ಶಾಸ್ತ್ರಜ್ಞ ವೈಗಾಟ್ಸ್ಕಿ ಬರೆದದ್ದು ಇದನ್ನೇ. ಕೋಚ್ ಈಗ ಬ್ಯಾಕ್‌ಹ್ಯಾಂಡಿಗೆ ಬಂದರು. ‘ಇದಕ್ಕೆ ಯಾವ ಮಾತು ಬೇಕು, ನೀನೇ ಹೇಳು’ ಎಂದರು. ಅವಳು ಭುಜ ಹೊರಳಿಸಿ ನೋಡಿದಳು. ‘ತಿರುಗು.’ ಎಡಗಡೆಗೆ ಚೆಂಡು ಬಂತು. ಹೊಸ ಮಾತನ್ನು ಇಡೀ ಸಾಲಿಗೆ ಕೇಳುವಷ್ಟು ಜೋರಾಗಿ ಕೂಗಿದಳು.